ಕನ್ನಂಬಾಡಿಯ ಪಾಯ, ನಿನ್ನ ಏಣಿ

ಸೋಮವಾರಪೇಟೆ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಕಾಳುಮೆಣಸು ಕೊಯ್ಯಲು ನೀನು ಯೋಚಿಸಿರುವ ಹೊಸ ಏಣಿ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ದುಡ್ಡು ಮಾತ್ರ ಯಾರೂ ಬಿಚ್ಚುವುದಿಲ್ಲ ಅಂತ ಬರೆದಿದ್ದೀಯ. ಹೊಗಳೋಕೆ ಖರ್ಚಿಲ್ಲ ನೋಡು.

ಬೇಜಾರು ಮಾಡಿಕೊಳ್ಳಬೇಡ. ಕನ್ನಂಬಾಡಿ ಕಟ್ಟೆ ಎದ್ದ ಕಥೆ ಸ್ವಲ್ಪ ಓದು. ಆಗ ನಮ್ಮ ಕೊಡಗು ಬ್ರಿಟಿಷರ ಕೈಯಲ್ಲಿತ್ತು, ನಾಲ್ವಡಿ ಕೃಷ್ಣರಾಜ ಒಡೆಯರು ನಮಗೆ ರಾಜರಲ್ಲ. ನೀರು ಮಾತ್ರ ನಮ್ಮ ತಲಕಾವೇರಿಯದೇ! ವಿಶ್ವೇಶ್ವರಯ್ಯನವರು ಯೋಜನೆ ಇಟ್ಟಾಗ ಹಣಕಾಸಿನವರು ಹಿಂದೇಟು ಹಾಕಿದರು. ಇವರು ದೊಡ್ಡ ಮಾತಾಡಲಿಲ್ಲ, ಲೆಕ್ಕ ತೋರಿಸಿದರು. ಶಿವನಸಮುದ್ರದ ಕರೆಂಟು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದರೆ ಅದಕ್ಕೇ ತೊಂದರೆ. ನೀರು ಕಟ್ಟಿಟ್ಟರೆ ಗಣಿಗೂ ಕರೆಂಟು, ಗದ್ದೆಗೂ ನೀರು. 1911ರಲ್ಲಿ ಮಹಾರಾಜರು ಒಪ್ಪಿಗೆ ಕೊಟ್ಟರು.

ಹೊಳೆಯ ಕೆಳಗಿನ ಮದರಾಸಿನವರು ತಕರಾರು ತೆಗೆದರು, ಕೊನೆಗೆ 80 ಅಡಿ ಎತ್ತರಕ್ಕೆ ಮಾತ್ರ ಒಪ್ಪಿದರು. ಆದರೆ ಪಾಯ ಹಾಕಿದ್ದು 124 ಅಡಿಯ ಕಟ್ಟೆಗೆ ಸಾಕಾಗುವಷ್ಟು ಅಗಲಕ್ಕೆ. ಅದಕ್ಕೂ ಜಗಳವಾಯಿತು, ಬಿಡು. ಪೂರ್ತಿ ಎತ್ತರಕ್ಕೆ ದಾರಿಯಾದದ್ದು 1924ರ ಒಪ್ಪಂದದಲ್ಲಿ. ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ವರ್ಷಗಳೇ ಆಗಿದ್ದವು, 1918ರಲ್ಲೇ ಹೊರಟಿದ್ದರು. ಎಂಜಿನಿಯರ್ ಹೋದರೂ ಮಹಾರಾಜರು ಕೆಲಸ ಕೈಬಿಡಲಿಲ್ಲ. ನನಗೆ ಅವರ ಮೇಲೆ ಗೌರವ ಜಾಸ್ತಿ ಇರುವುದು ಇದಕ್ಕೇ. ಶಂಕುಸ್ಥಾಪನೆಗೆ ಜನ ಸಿಗುತ್ತಾರೆ, ಇಪ್ಪತ್ತು ವರ್ಷ ದುಡ್ಡು ಹಾಕುತ್ತಾ ಕೂರುವವರು ಎಲ್ಲಿದ್ದಾರೆ?

ಈಗ ನಿನ್ನ ವಿಷಯ. ಈಗ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಆಳು ಮೇಲೆ ಹತ್ತುತ್ತಾನೆ, ಕೆಳಗೆ ಇನ್ನೊಬ್ಬ ಏಣಿ ಹಿಡಿದಿರುತ್ತಾನೆ. ಮಂಜು ಬಿದ್ದ ಬೆಳಗ್ಗೆ ಕಾಲು ಜಾರಿದರೆ ಅಷ್ಟೇ. ತೋಟದವರ ಹತ್ತಿರ ಹೋದಾಗ ಟೆಕ್ನಾಲಜಿ ಅಂತ ಶುರು ಮಾಡಬೇಡ. ಕೆಳಗೆ ನಿಂತವನ ಕೂಲಿ ಎಷ್ಟು ಉಳಿಯುತ್ತದೆ, ಬಿದ್ದರೆ ಆಸ್ಪತ್ರೆ ಖರ್ಚು ಎಷ್ಟು, ಅದನ್ನು ಹೇಳು. ಮೊದಲು ಗಿಡ್ಡ ಏಣಿಯನ್ನೇ ಮಾಡು, ಆದರೆ ಬುಡದ ಕೊಂಡಿಯನ್ನು ಉದ್ದದ ಏಣಿಯ ಭಾರ ತಡೆಯುವ ಹಾಗೆ ಈಗಲೇ ಮಾಡು.

ಮೊದಲ ಏಣಿಯ ಖರ್ಚು ನನ್ನದು. ಸರಿಹೋಗದಿದ್ದರೆ ಎರಡನೆಯದರದ್ದೂ ನನ್ನದೇ. ಬಿಲ್ಲು ಮಾತ್ರ ತಪ್ಪದೆ ಇಡು, ನಿನ್ನ ದೊಡ್ಡಮ್ಮ ಕೇಳುತ್ತಾಳೆ. ಹುತ್ತರಿ ಹಬ್ಬಕ್ಕೆ ಬರುವಾಗ ಒಂದು ಮಾದರಿ ತಂದರೆ, ಮೆಣಸು ಕೊಯ್ಲಿಗೆ ಮೊದಲು ನಮ್ಮ ತೋಟದಲ್ಲೇ ಹತ್ತಿಸಿ ನೋಡಬಹುದು. ಹತ್ತುವುದು ನೀನಲ್ಲ, ನಾನೂ ಅಲ್ಲ. ದಿನಾ ಹತ್ತುವವರನ್ನೇ ಕರೆಸುತ್ತೇನೆ, ಅವರು ಏನು ಹೇಳುತ್ತಾರೋ ಬರೆದುಕೋ.

ಇಂತಿ ನಿನ್ನ
ದೊಡ್ಡಪ್ಪ