ಎಸ್‌ಒಎಸ್ ಅಂತ ಬರೆದು ಮನೆಗೆ ಕಳಿಸಬೇಡಿ: ಆರೋಗ್ಯ ಸಚಿವರಿಗೆ ಒಬ್ಬ ತಂದೆಯ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಮಗಳು ಗಡಿಯಾರ ನೋಡೋದನ್ನು ಕಲಿತದ್ದು ಶಾಲೆಯಲ್ಲಲ್ಲ, ಹಾಸಿಗೆಯಲ್ಲಿ. ಆಗ ಅವಳಿಗೆ ಆರು ವರ್ಷ. ದೊಡ್ಡ ಮುಳ್ಳು ಎಲ್ಲಿಗೆ ಬಂದರೆ ಔಷಧಿ, ಚಿಕ್ಕದು ಎಲ್ಲಿರಬೇಕು ಅಂತ ಕೇಳಿ ಕೇಳಿ ಒಂದೇ ವಾರದಲ್ಲಿ ಗಂಟೆ, ನಿಮಿಷ ಎರಡನ್ನೂ ಹೇಳಲು ಶುರು ಮಾಡಿದಳು. ಬೇರೆ ಸಮಯದಲ್ಲಾಗಿದ್ದರೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಅವಳು ಹೋಗಿ ಒಂದೂವರೆ ವರ್ಷವಾಯಿತು. ಇಷ್ಟು ದಿನ ಈ ಪತ್ರ ಬರೆಯಲು ಕೂತಾಗೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ಈಗ ಸಿಟ್ಟು ಸ್ವಲ್ಪ ಕಡಿಮೆಯಾಗಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಅವಳ ಒಂದು ಕಣ್ಣು ಒಳಕ್ಕೆ ತಿರುಗಿತು. ಕನ್ನಡಕ ಬೇಕಾಗಬಹುದು ಅಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಅವಳನ್ನು ನೇರ ಗೆರೆಯ ಮೇಲೆ ನಡೆಯಲು ಹೇಳಿದರು. ಅವಳು ವಾಲಿದಳು. ಅವತ್ತೇ ಎಂಆರ್‌ಐ. ಮಿದುಳಿನ ಕಾಂಡದಲ್ಲಿ ಗಡ್ಡೆ. ಡಿಐಪಿಜಿ ಅಂತಾರೆ. ಜಾಸ್ತಿ ಬರೋದು ಐದರಿಂದ ಹತ್ತು ವರ್ಷದ ಮಕ್ಕಳಿಗೆ. ಉಸಿರಾಟ, ನುಂಗುವುದು, ಕಣ್ಣಿನ ಚಲನೆ, ಇದಕ್ಕೆಲ್ಲ ಬೇಕಾದ ನರಗಳು ಇರುವ ಜಾಗದಲ್ಲೇ ಅದು ಬೆಳೆಯುತ್ತದೆ. ಒಳ್ಳೆಯ ಜೀವಕೋಶಗಳ ನಡುವೆ ಹರಡಿಕೊಳ್ಳುವುದರಿಂದ ಕತ್ತರಿಸಿ ತೆಗೆಯಲು ಆಗುವುದಿಲ್ಲ. ರೇಡಿಯೇಶನ್ ಕೊಟ್ಟರೆ ಕೆಲವು ತಿಂಗಳು ಸಿಗುತ್ತವೆ. ಎರಡು ವರ್ಷ ದಾಟುವ ಮಕ್ಕಳು ನೂರಕ್ಕೆ ಹತ್ತೂ ಇಲ್ಲ.

ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕರೆನ್‌ಗೂ ಇದೇ ಕಾಯಿಲೆ ಬಂದಿತ್ತು. 1962ರ ಜನವರಿಯಲ್ಲಿ ತೀರಿಕೊಂಡಳು, ಎರಡೇ ವರ್ಷದ ಮಗು. ಅದಾಗಿ ಏಳು ವರ್ಷಕ್ಕೆ ಅಪ್ಪ ಚಂದ್ರನ ಮೇಲಿದ್ದರು. ಅಂಥವರ ಕೈಯಲ್ಲೂ ಆಗದ್ದನ್ನು ನಾನು ನಿಮ್ಮ ಹತ್ತಿರ ಕೇಳುತ್ತಿಲ್ಲ. ಮಗಳನ್ನು ಯಾಕೆ ಉಳಿಸಲಿಲ್ಲ ಅಂತ ಜಗಳಕ್ಕೂ ಬಂದಿಲ್ಲ. ಅವಳು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲಿನ ದಿನಗಳ ಬಗ್ಗೆ ನನ್ನ ತಕರಾರು.

ಮೂವತ್ತು ಸಲ ರೇಡಿಯೇಶನ್ ಆಯಿತು. ಆಮೇಲೆ ನಾಲ್ಕು ತಿಂಗಳು ಚೆನ್ನಾಗಿದ್ದಳು. ಓಡಿದಳು, ಅಣ್ಣನಿಗೆ ಹೊಡೆದಳು, ಹೊಡೆಸಿಕೊಂಡಳು. ಡಾಕ್ಟರುಗಳು ಈ ಕಾಲಕ್ಕೆ 'ಹನಿಮೂನ್ ಪೀರಿಯಡ್' ಅಂತಾರೆ. ಆ ಹೆಸರು ಇಟ್ಟ ಪುಣ್ಯಾತ್ಮ ಯಾರೋ, ಅವರಿಗೊಂದು ದೊಡ್ಡ ನಮಸ್ಕಾರ. ಸ್ಟೆರಾಯ್ಡ್‌ನಿಂದ ಅವಳ ಮುಖ ಊದಿಕೊಂಡಿತ್ತು. ಹಳೆಯ ಫೋಟೋ ನೋಡಿದಾಗ "ಇದು ಸಣ್ಣಕ್ಕಿದ್ದ ನಾನು" ಅನ್ನುತ್ತಿದ್ದಳು.

ಐದನೇ ತಿಂಗಳು ಮಾತು ತೊದಲಿತು. ಮತ್ತೆ ಸ್ಕ್ಯಾನ್. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಡಿಸ್ಚಾರ್ಜ್ ಪೇಪರಿನ ಕೊನೆಯಲ್ಲಿ ಒಂದು ಸಾಲು ಇತ್ತು: ಪ್ಯಾಲಿಯೇಟಿವ್ ಕೇರ್‌ಗೆ ಸಲಹೆ ನೀಡಲಾಗಿದೆ. ವಾಸಿಯಾಗದ ಕಾಯಿಲೆಯಲ್ಲಿ ನೋವು, ಸಂಕಟ ಕಡಿಮೆ ಮಾಡುವ ಆರೈಕೆಗೆ ಹಾಗಂತಾರೆ. ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು, ಯಾವ ನಂಬರು, ಏನೂ ಇಲ್ಲ. ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ "ಅದು ಎಲ್ಲರಿಗೂ ಬರೀತೀವಿ ಸರ್" ಅಂದ. ಅವನ ತಪ್ಪಲ್ಲ ಬಿಡಿ.

ನೋವಿಗೆ ಒಂದು ಸಿರಪ್ ಬರೆದಿದ್ದರು. ಅದರ ಮುಂದೆ ಎಸ್‌ಒಎಸ್. ಅಂದರೆ ನೋವು ಬಂದಾಗ ಕೊಡಿ. ಜೊತೆಗೆ, ಒಮ್ಮೆ ಕೊಟ್ಟ ಮೇಲೆ ಆರು ಗಂಟೆ ಕೊಡಬೇಡಿ ಅಂತ ಬಾಯಲ್ಲಿ ಹೇಳಿ ಕಳಿಸಿದರು. ಅವಳ ನೋವು ನಾಲ್ಕನೇ ಗಂಟೆಗೆ ತಿರುಗಿ ಬರುತ್ತಿತ್ತು. ಉಳಿದ ಎರಡು ಗಂಟೆ ಏನು ಮಾಡಬೇಕು ಅಂತ ಚೀಟಿಯಲ್ಲಿ ಬರೆದಿರಲಿಲ್ಲ. ಅವಳು ಗಡಿಯಾರ ಕಲಿತದ್ದು ಆ ಎರಡು ಗಂಟೆಗಳಲ್ಲಿ, ಸಚಿವರೇ.

ಹನ್ನೊಂದು ದಿನದಲ್ಲಿ ನಾಲ್ಕು ಸಲ ರಾತ್ರಿ ಹೊತ್ತು ಅವಳನ್ನು ಎತ್ತಿಕೊಂಡು ಎಮರ್ಜೆನ್ಸಿಗೆ ಓಡಿದೆವು. ಪ್ರತಿ ಸಲ ಹೊಸ ಡಾಕ್ಟರು, ಮೊದಲಿನಿಂದ ಅದೇ ಕಥೆ. ಪ್ರತಿ ಸಲ ಕೈಗೆ ಸೂಜಿ. ಸ್ಟೆರಾಯ್ಡ್‌ನಿಂದ ಊದಿದ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಮೂರನೇ ಸಲ ಅವಳೇ ಪಾದ ಮುಂದೆ ಚಾಚಿ "ಇಲ್ಲಿ ಸಿಗುತ್ತೆ" ಅಂದಳು. ಅಲ್ಲಿ ಕೊಟ್ಟದ್ದೂ ಅಂಥದ್ದೇ ಔಷಧಿ, ಬೆಳಗ್ಗೆ ಮನೆಗೆ ವಾಪಸ್. ಏನೂ ಸಿಗದ ಜಾಗಕ್ಕೆ ಮತ್ತೆ ಮತ್ತೆ ಯಾಕೆ ಹೋದಿರಿ ಅಂತ ಜನ ಕೇಳಿದ್ದಾರೆ. ರಾತ್ರಿ ಎರಡು ಗಂಟೆಗೆ ಲೈಟ್ ಉರಿಯುತ್ತಿದ್ದದ್ದು ಅದೊಂದೇ ಕಡೆ. ಅದಕ್ಕೆ ಹೋದೆವು.

ಕೊನೆಗೆ ನಂಬರು ಕೊಟ್ಟದ್ದು ರೇಡಿಯೇಶನ್ ಸಾಲಿನಲ್ಲಿ ನಮ್ಮ ಪಕ್ಕ ಕೂರುತ್ತಿದ್ದ ಒಬ್ಬ ತಾಯಿ. ದಾನದ ಹಣದಲ್ಲಿ ನಡೆಯುವ ಒಂದು ಸಣ್ಣ ತಂಡ. ಒಬ್ಬ ಡಾಕ್ಟರು, ಇಬ್ಬರು ನರ್ಸು. ಮಾರನೇ ದಿನವೇ ಮನೆಗೆ ಬಂದರು. ನರ್ಸಮ್ಮ ಮೊದಲು ಚೀಟಿ ನೋಡಲಿಲ್ಲ. ಮಗಳ ಪಕ್ಕ ನೆಲದ ಮೇಲೆ ಕೂತು, ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖ ಬರೆದಿದ್ದ ಕಾರ್ಡು ತೋರಿಸಿ "ನಿನ್ನ ನೋವು ಯಾವುದು?" ಅಂತ ಕೇಳಿದರು. ಅವಳು ಐದನೆಯದನ್ನು ಮುಟ್ಟಿ, ಸ್ವಲ್ಪ ಯೋಚಿಸಿ, "ರಾತ್ರಿ ಇದು" ಅಂತ ಆರನೆಯದರ ಮೇಲೆ ಬೆರಳಿಟ್ಟಳು. ಅಲ್ಲಿಯವರೆಗೆ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಾರ್ಫಿನ್ ಸಿರಪ್ ಶುರುವಾಯಿತು, ಅಫೀಮಿನಿಂದ ಬರುವ ನೋವಿನ ಔಷಧಿ. ಹೆಸರು ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಇದು ಕೊಟ್ಟರೆ ಮಗು ಬೇಗ ಹೋಗಿಬಿಡುತ್ತಾ, ಚಟ ಹತ್ತುತ್ತಾ ಅಂತ ಕೇಳಿದೆ. ತೂಕ ನೋಡಿ, ಕಡಿಮೆಯಿಂದ ಶುರು ಮಾಡಿ, ನೋವಿಗೆ ತಕ್ಕಷ್ಟೇ ಏರಿಸಿದರೆ ಎರಡೂ ಆಗುವುದಿಲ್ಲ ಅಂತ ಡಾಕ್ಟರು ತಾಳ್ಮೆಯಿಂದ ಹೇಳಿದರು. ನಾಲ್ಕು ಗಂಟೆಗೊಮ್ಮೆ ಕೊಡಬೇಕು, ನೋವು ಇರಲಿ ಬಿಡಲಿ. ನಡುವೆ ನೋವು ಬಂದರೆ ಒಂದು ಸಣ್ಣ ಡೋಸ್ ಬೇರೆ. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೂ ಮೊದಲ ದಿನದಿಂದಲೇ ಔಷಧಿ. ನೋವು ಬರುವುದನ್ನು ಕಾಯುತ್ತಾ ಕೂರಬಾರದು, ಗಡಿಯಾರ ನೋಡಿ ಕೊಡಬೇಕು. ಇದು ಅವರು ಕಂಡುಹಿಡಿದದ್ದಲ್ಲ. ಮಕ್ಕಳ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೀಗೆ ಬರೆದಿತ್ತು.

ಎರಡನೇ ದಿನ ಮಧ್ಯಾಹ್ನ ಅವಳು ಎದ್ದು ಕೂತಳು. ಅಣ್ಣ ತನ್ನ ಹಸಿರು ಪೆನ್ಸಿಲ್ ತಗೊಂಡಿದ್ದಾನೆ ಅಂತ ಕೂಗಾಡಿದಳು. ನಾನೂ ನನ್ನ ಹೆಂಡತಿಯೂ ಬಾಗಿಲ ಹತ್ತಿರ ನಿಂತು ಆ ಜಗಳವನ್ನು ಪೂರ್ತಿ ಕೇಳಿದೆವು, ಬಿಡಿಸಲು ಹೋಗಲಿಲ್ಲ. ಆಮೇಲೆ ನಮಗೆ ಇಪ್ಪತ್ತಮೂರು ದಿನ ಸಿಕ್ಕವು. ಅಷ್ಟೂ ದಿನ ಅವಳು ಗಡಿಯಾರ ನೋಡಲಿಲ್ಲ. ನಾನು ನೋಡುತ್ತಿದ್ದೆ.

ಈಗ ನಿಮ್ಮ ಇಲಾಖೆಯ ಮಾತು. ಮಾರ್ಫಿನ್ ಇನ್ನೂರು ವರ್ಷ ಹಳೆಯ ಔಷಧಿ. ಯಾರ ಪೇಟೆಂಟೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಮಕ್ಕಳ ಪಟ್ಟಿಯಲ್ಲೂ ಇದೆ. ಪ್ಯಾಲಿಯೇಟಿವ್ ಕೇರ್ ಅನ್ನು ಆರೋಗ್ಯ ವ್ಯವಸ್ಥೆಯೊಳಗೇ ತರಬೇಕು ಅಂತ 2014ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿದೆ. ಆದರೂ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಕೊಟ್ಟ ಲೆಕ್ಕ ನೋಡಿ: ವರ್ಷಕ್ಕೆ ಸುಮಾರು 25 ಲಕ್ಷ ಮಕ್ಕಳು ತೀವ್ರ ನೋವು, ಸಂಕಟಗಳ ನಡುವೆ ಸಾಯುತ್ತಾರೆ. ಅವರಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಮಕ್ಕಳು ಅಭಿವೃದ್ಧಿಶೀಲ ದೇಶಗಳವರು. ಕಾಯಿಲೆ ಎಲ್ಲ ಕಡೆ ಒಂದೇ, ಸಿರಪ್ಪು ಮಾತ್ರ ಕೆಲವೇ ಕಡೆ. ದುರುಪಯೋಗ ಆಗುತ್ತದೆ ಅನ್ನುವ ಭಯ ಇದೆ, ಗೊತ್ತು. ಆ ಭಯಕ್ಕೆ ಉತ್ತರ ನಾನೇ ಕಣ್ಣಾರೆ ನೋಡಿದ್ದೇನೆ, ಕೊನೆಗೆ ಹೇಳುತ್ತೇನೆ.

ಔಷಧಿಗಿಂತ ಕಷ್ಟದ್ದು ಮಾತು. ಒಂದು ಸಂಜೆ ಅವಳು "ನಾನು ಸತ್ತೋದ್ರೆ ನನ್ನ ಬ್ಯಾಗ್ ಅಣ್ಣಂಗಾ?" ಅಂತ ಕೇಳಿದಳು. "ಏನೇನೋ ಮಾತಾಡಬೇಡ ಪುಟ್ಟಿ" ಅಂದುಬಿಟ್ಟೆ. ಅವಳು ಗೋಡೆ ಕಡೆ ತಿರುಗಿದಳು. ನರ್ಸಮ್ಮನಿಗೆ ಹೇಳಿದಾಗ, "ಮತ್ತೆ ಕೇಳ್ತಾಳೆ, ಈ ಸಲ ಉತ್ತರ ಕೊಡಿ" ಅಂದರು. ಎರಡು ದಿನ ಬಿಟ್ಟು ನಿಜವಾಗಿಯೂ ಕೇಳಿದಳು. ಬ್ಯಾಗು ಅಣ್ಣನಿಗೆ, ಪೆನ್ಸಿಲ್ ಬಾಕ್ಸ್ ಮಾತ್ರ ಅವನಿಗಿಲ್ಲ ಅಂತ ತೀರ್ಮಾನವಾಯಿತು. ಸ್ವೀಡನ್ನಿನಲ್ಲಿ ಕ್ಯಾನ್ಸರ್‌ನಿಂದ ಮಗುವನ್ನು ಕಳೆದುಕೊಂಡ ಹೆತ್ತವರನ್ನು ಕೇಳಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದ 147 ಜನರಲ್ಲಿ ಒಬ್ಬರೂ ಅದಕ್ಕೆ ಪಶ್ಚಾತ್ತಾಪ ಪಟ್ಟಿಲ್ಲ. ಮಾತಾಡದಿದ್ದವರಲ್ಲಿ ನೂರಕ್ಕೆ 27 ಜನ ಪಟ್ಟಿದ್ದಾರೆ. ನಾನು ಎರಡೂ ಗುಂಪಿಗೆ ಸೇರಿದವನು, ಎರಡು ದಿನದ ಅಂತರದಲ್ಲಿ.

ಮಗನಿಗೆ ಆಗ ಹತ್ತು ವರ್ಷ. ಅವನನ್ನು ನಾವು ಮರೆತೇಬಿಟ್ಟಿದ್ದೆವು ಅಂತ ಹೇಳಲು ನಾಚಿಕೆಯಾಗುತ್ತದೆ. ತಂಗಿ ಹೋಗಿ ಮೂರು ತಿಂಗಳಾದ ಮೇಲೆ "ಅವಳನ್ನ ಒಂದ್ಸಲ ಮಂಚದಿಂದ ತಳ್ಳಿದ್ದೆ, ಅದಕ್ಕೇ ಗಡ್ಡೆ ಬಂತಾ?" ಅಂತ ಕೇಳಿದ. ಆ ಪ್ರಶ್ನೆಯನ್ನು ಎಷ್ಟು ತಿಂಗಳು ಒಬ್ಬನೇ ಹೊತ್ತುಕೊಂಡಿದ್ದನೋ. ನಿಮ್ಮ ಇಲಾಖೆಯ ಯಾವ ಫಾರಂನಲ್ಲೂ ರೋಗಿಯ ಅಣ್ಣ ಅಂತ ಒಂದು ಸಾಲಿಲ್ಲ.

ಫಾರಂ ಅಂದಾಗ ನೆನಪಾಯಿತು. ಕೆಲಸದ ಕಡೆ ರಜೆ ಅರ್ಜಿಯಲ್ಲಿ ಮದುವೆಗೆ ಒಂದು ಕಾಲಂ ಇತ್ತು, ಹೆರಿಗೆಗೆ ಇತ್ತು. ಮಗು ತೀರಿಹೋದರೆ ಯಾವುದಕ್ಕೆ ಟಿಕ್ ಮಾಡಬೇಕು? 'ಇತರೆ'ಗೆ ಮಾಡಿದೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಮಗುವನ್ನು ಕಳೆದುಕೊಂಡ ಉದ್ಯೋಗಿಗೆ ಎರಡು ವಾರದ ರಜೆ ಕಾನೂನಿನ ಹಕ್ಕು. ಎರಡು ವಾರ ಏನೇನೂ ಸಾಲದು. ಆದರೆ ಅದಕ್ಕೊಂದು ಹೆಸರಾದರೂ ಇದೆ, 'ಇತರೆ' ಅಲ್ಲ. ಇದು ನಿಮ್ಮ ಇಲಾಖೆಗೆ ಬರುವುದಿಲ್ಲ ಅಂತೀರಿ. ಸಂಪುಟದಲ್ಲಿ ಪಕ್ಕದ ಕುರ್ಚಿಯವರಿಗೆ ಹೇಳಬಹುದಲ್ವಾ?

ಇನ್ನೊಂದು ಆಸೆ ಇದೆ, ದೊಡ್ಡದು. ಆಕ್ಸ್‌ಫರ್ಡಿನಲ್ಲಿ 1982ರಲ್ಲಿ ಹೆಲೆನ್ ಹೌಸ್ ಅಂತ ಮಕ್ಕಳಿಗಾಗಿಯೇ ಒಂದು ಹಾಸ್ಪೈಸ್, ಅಂದರೆ ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆ, ತೆರೆದರು, ಜಗತ್ತಿನಲ್ಲಿ ಮೊದಲನೆಯದು. ಕಾಯಿಲೆಬಿದ್ದಿದ್ದ ಹೆಲೆನ್ ಎಂಬ ಹುಡುಗಿಯನ್ನು ಒಬ್ಬ ಸನ್ಯಾಸಿನಿ ಆಗಾಗ ಕೆಲವು ದಿನ ತಮ್ಮ ಹತ್ತಿರ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರು, ಅಪ್ಪ ಅಮ್ಮ ಸ್ವಲ್ಪ ನಿದ್ದೆ ಮಾಡಲಿ ಅಂತ. ಆ ಮನೆ ಹುಟ್ಟಿದ್ದು ಅಲ್ಲಿಂದ. ನನ್ನ ಹೆಂಡತಿ ಕೊನೆಯ ತಿಂಗಳು ಕೂತೇ ನಿದ್ದೆ ಮಾಡಿದಳು. ಅಂಥ ಮನೆ ನಾಳೆಯೇ ಕಟ್ಟಿ ಅನ್ನುವುದಿಲ್ಲ. ನಾಳೆ ಆಗುವಂಥದ್ದು ಬೇರೆ ಇದೆ. ಡಿಸ್ಚಾರ್ಜ್ ಪೇಪರಿನ ಆ ಸಾಲಿನ ಮುಂದೆ ಒಂದು ಫೋನ್ ನಂಬರು ಬರೆಯಿಸಿ. ರಾತ್ರಿ ಎರಡು ಗಂಟೆಗೂ ಎತ್ತುವ ನಂಬರು. ಎತ್ತುವವರಿಗೆ ಮಗುವಿನ ಹೆಸರು, ತೂಕ, ಡೋಸು ಗೊತ್ತಿರಬೇಕು. ಮನೆಗೆ ಬರುವ ಒಬ್ಬ ನರ್ಸು, ಮನೆಯಲ್ಲಿ ಒಂದು ಬಾಟಲಿ ಮಾರ್ಫಿನ್ ಇರಬೇಕು. ಇಷ್ಟನ್ನು ದಾನದ ಹಣಕ್ಕೆ ಬಿಡಬೇಡಿ.

ಅವಳ ಕೊನೆಯ ರಾತ್ರಿ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಆ ಸಣ್ಣ ತಂಡದ ನಂಬರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ನರ್ಸಮ್ಮ ಎತ್ತಿದರು. ಅವಳಿಗೆ ನುಂಗಲು ಆಗುತ್ತಿರಲಿಲ್ಲ. ಸೂಜಿ ಇಲ್ಲದ ಸಿರಿಂಜಿನಲ್ಲಿ ಕೆನ್ನೆಯ ಒಳಗೆ ಹನಿಹನಿಯಾಗಿ ಬಿಡೋದನ್ನು ಮೊದಲೇ ಕಲಿಸಿಕೊಟ್ಟಿದ್ದರು. ಉಸಿರಿನ ನಡುವೆ ಅಂತರ ಜಾಸ್ತಿಯಾಗುತ್ತಿದೆ ಅಂದೆ. "ಹೌದು, ಹೀಗೇ ಆಗುತ್ತೆ ಅಂತ ಹೇಳಿದ್ದೆನಲ್ಲ. ಅವಳಿಗೆ ನೋವಿಲ್ಲ. ಎತ್ತಿಕೊಳ್ಳಿ" ಅಂದರು. ಫೋನನ್ನು ಸ್ಪೀಕರಿಗೆ ಹಾಕಿ ದಿಂಬಿನ ಮೇಲೆ ಇಟ್ಟೆ. ಆಮೇಲೆ ಅವರೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಅಮ್ಮನ ತೊಡೆಯ ಮೇಲೆ ಹೋದಳು. ರೂಢಿಯಂತೆ ಗಡಿಯಾರ ನೋಡಿದೆ. ಮುಂದಿನ ಡೋಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಮೂರು ದಿನದ ನಂತರ ನರ್ಸಮ್ಮ ಬಂದರು. ಉಳಿದಿದ್ದ ಮಾರ್ಫಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಅಳತೆ ಲೋಟಕ್ಕೆ ಬಗ್ಗಿಸಿ, ಎಷ್ಟು ಎಂಎಲ್ ಅಂತ ರಿಜಿಸ್ಟರಿನಲ್ಲಿ ಬರೆದರು. ನಾನು ಬರೆದಿಟ್ಟಿದ್ದ ಡೋಸಿನ ಪುಸ್ತಕದ ಜೊತೆ ತಾಳೆ ನೋಡಿದರು. ಲೆಕ್ಕ ಸರಿ ಬಂತು. ಇಬ್ಬರೂ ಸಹಿ ಹಾಕಿದೆವು. ದುರುಪಯೋಗದ ಭಯಕ್ಕೆ ಉತ್ತರ ಅಂದೆನಲ್ಲ, ಅದು ಈ ರಿಜಿಸ್ಟರು. ಆಮೇಲೆ ಅವರು ಹೋಗಲಿಲ್ಲ. ಮಗನ ಪಕ್ಕ ಕೂತು, ಹಸಿರು ಪೆನ್ಸಿಲ್ ಈಗ ಎಲ್ಲಿದೆ ಅಂತ ಕೇಳಿದರು.

ಈ ಪತ್ರ ಬರೆಯುವ ಮುಂಚೆ ಅವರ ಒಪ್ಪಿಗೆ ಕೇಳೋಣ ಅಂತ ಅದೇ ನಂಬರಿಗೆ ಫೋನ್ ಮಾಡಿದ್ದೆ. ಒಂದು ಮನೆಯಲ್ಲಿದ್ದೇನೆ, ಆಮೇಲೆ ಮಾಡ್ತೀನಿ ಅಂದರು. ಹಿಂದಿನಿಂದ ಒಂದು ಮಗುವಿನ ದನಿ ಕೇಳಿಸಿತು. ತಂಡದಲ್ಲಿ ಈಗ ಅವರೊಬ್ಬರೇ ನರ್ಸು. ಇನ್ನೊಬ್ಬರ ಸಂಬಳಕ್ಕೆ ದುಡ್ಡಿಲ್ಲವಂತೆ. ರಾತ್ರಿ ಹನ್ನೊಂದೂವರೆಗೆ ತಿರುಗಿ ಫೋನ್ ಮಾಡಿ, "ಬರೀರಿ, ನನ್ನ ಹೆಸರು ಮಾತ್ರ ಹಾಕಬೇಡಿ" ಅಂದರು.

ಇಂತಿ,
ಒಬ್ಬ ತಂದೆ