ತಂಬಾಕಿನ ಕಾರ್ಡಿನ ಅಂಚು ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಹಳೇ ಬೇಸ್‌ಬಾಲ್ ಕಾರ್ಡುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಹೊಸದರಂತೆ ಕಾಣುವ ಕಾರ್ಡಿಗಷ್ಟೇ ಬೆಲೆ ಎಂಬ ಮಾತು ಅದರಲ್ಲಿದೆ. ಅದನ್ನೇ ನಂಬಿ 300 ಡಾಲರ್ ಕಳೆದುಕೊಂಡವನು ನಾನು. ಹಾಗಾಗಿ ಈ ಪತ್ರ.

ದಾವಣಗೆರೆಯಲ್ಲಿ ಹುಡುಗನಾಗಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಹುಚ್ಚಿತ್ತು. ಪಿಟ್ಸ್‌ಬರ್ಗಿಗೆ ಬಂದಮೇಲೆ ಅದು ಟಿ206 ಎಂಬ ಬೇಸ್‌ಬಾಲ್ ಕಾರ್ಡುಗಳ ಕಡೆ ತಿರುಗಿತು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನಲ್ಲಿಟ್ಟು ಕೊಟ್ಟ ಆಟಗಾರರ ಚಿತ್ರಗಳಿವು. ಈ ಊರಿನ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ ಇರುವುದೂ ಇವುಗಳಲ್ಲೇ. ಅವನ ಕಾರ್ಡು ಕೊಳ್ಳುವ ಯೋಗ ನಮ್ಮಂಥವರಿಗಿಲ್ಲ, ಬಿಡಿ.

ನಾನು ಕೊಂಡದ್ದು ಅಷ್ಟೇನೂ ಹೆಸರು ಮಾಡದ ಪಿಚರ್ (ಚೆಂಡೆಸೆಯುವ ಆಟಗಾರ) ಒಬ್ಬನದು, ಹಿಂಬದಿಯಲ್ಲಿ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು. ನಾಲ್ಕೂ ಮೂಲೆ ಚೂಪು. ಮನೆಗೆ ತಂದು ಅಳತೆಯ ವರ್ನಿಯರ್ ಹಿಡಿದೆ. ಲೇತ್ ಮುಂದೆ ಮೂವತ್ತು ವರ್ಷ ನಿಂತವನ ಕೈ ಸುಮ್ಮನಿರುವುದಿಲ್ಲ. ಅಗಲ 36.5 ಮಿಲಿಮೀಟರ್ ಆಸುಪಾಸು ಇರಬೇಕು, 35 ಇತ್ತು. ಆ ಕಾಲದ ಕಾರ್ಖಾನೆಯಲ್ಲೂ ಅಳತೆ ತುಸು ಹೆಚ್ಚುಕಡಿಮೆ ಆಗುತ್ತಿತ್ತು, ಅದೊಂದನ್ನೇ ನೆಚ್ಚುವಂತಿಲ್ಲ. ಭೂತಗನ್ನಡಿ ಇಟ್ಟೆ. ಮೇಲಿನ, ಕೆಳಗಿನ ಅಂಚು ಚಹಾ ಬಣ್ಣಕ್ಕೆ ತಿರುಗಿ ನಾರು ಬಿಟ್ಟಿದ್ದವು. ಎಡಬಲದ ಅಂಚು ಈಗಷ್ಟೇ ಒಡೆದ ತೆಂಗಿನಕಾಯಿಯ ಹಾಗೆ ಬೆಳ್ಳಗಿದ್ದವು. ಸವೆದ ಮೂಲೆ ಕಾಣದಿರಲಿ ಎಂದು ಯಾರೋ ಎರಡೂ ಬದಿ ಬ್ಲೇಡ್ ಎಳೆದಿದ್ದರು. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ.

ಇದು ಬರೀ ಚಿಲ್ಲರೆ ವ್ಯಾಪಾರಿಗಳ ಕೈಚಳಕವೂ ಅಲ್ಲ. ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಪರೀಕ್ಷಕರು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ವ್ಯಾಗ್ನರ್ ಕಾರ್ಡುಗಳಲ್ಲೆಲ್ಲ ಹೆಸರಾದದ್ದು ಎಂಟು ಅಂಕ ಪಡೆದ ಕಾರ್ಡು. ಅದರ ಅಂಚು ಕತ್ತರಿಸಿದ್ದು ತಾನೇ ಎಂದು ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಇತ್ತ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾದ ವ್ಯಾಗ್ನರ್‌ಗೆ ಇದ್ದದ್ದು ಎರಡೇ ಅಂಕ.

ನನ್ನ ಬಳಿ ಹಿಂಬದಿಯಲ್ಲಿ ಪೋಲಾರ್ ಬೇರ್ ತಂಬಾಕಿನ ಜಾಹೀರಾತಿರುವ ಕಾರ್ಡೂ ಒಂದಿದೆ. ಅದು ಸಿಗರೇಟಿನ ಜೊತೆಗಲ್ಲ, ತಂಬಾಕಿನ ಚೂರಿನ ಪೊಟ್ಟಣದಲ್ಲಿ ಬರುತ್ತಿತ್ತು. ಚೂರಿನೊಳಗೇ ಬಿದ್ದಿದ್ದು ಆಟಗಾರನ ಕೆನ್ನೆಗೆ ಕಂದು ಕಲೆ ಹತ್ತಿದೆ, ಮೂಲೆಗಳು ಸವೆದು ದುಂಡಗಾಗಿವೆ. ಅಂಕ ಒಂದೂವರೆ. ಅದನ್ನು ಯಾರು ಕೇಳಿದರೂ ಕೊಡುವುದಿಲ್ಲ.

ಇನ್ನೊಮ್ಮೆ ಇಂಥ ಕಾರ್ಡು ಅಚ್ಚು ಹಾಕುವಾಗ ದಯವಿಟ್ಟು ಹಿಂಬದಿಯ ಚಿತ್ರವನ್ನೂ ಹಾಕಿ. ಯಾವ ತಂಬಾಕಿನದು ಎಂಬುದರ ಮೇಲೂ ಬೆಲೆ ಏರಿಳಿಯುತ್ತದೆ. ನಿಮ್ಮ ಪುಟದಲ್ಲಿ ಮುಖ ಮಾತ್ರ ಇತ್ತು.

— ದಾವಣಗೆರೆ ಮೂಲದ ಓದುಗ, ಪಿಟ್ಸ್‌ಬರ್ಗ್