ಬಟಾಟೆ-ಗೆಣಸಿನ ಜೊತೆ ಈ ಕಿಣ್ವಗಳಿಗೂ ಜಾಗ ಕೊಡಿ

ಮಾನ್ಯರೇ,

ಕಳೆದ ವಾರದ ನಿಮ್ಮ ನೀಟ್ ಪುಟದಲ್ಲಿ, ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಅಣುವಾದ ಟಿಆರ್‌ಎನ್‌ಎ ಚಿತ್ರ ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿದ್ದದ್ದು ಎ, ಯು, ಜಿ, ಸಿ ನಾಲ್ಕೇ ಅಕ್ಷರ. ರಾಬರ್ಟ್ ಹಾಲಿ 1965ರಲ್ಲಿ ಯೀಸ್ಟಿನ ಒಂದು ಟಿಆರ್‌ಎನ್‌ಎಯನ್ನು ಪೂರ್ತಿ ಓದಿ ಮುಗಿಸಿದಾಗಲೇ ಈ ಅಕ್ಷರಗಳನ್ನೇ ಸ್ವಲ್ಪ ತಿದ್ದಿ ಆದ ಇನೋಸಿನ್, ಸ್ಯೂಡೋಯುರಿಡಿನ್ ಎಲ್ಲ ಸಿಕ್ಕಿದ್ದವು. 1968ರಲ್ಲಿ ನಮ್ಮ ಹರಗೋವಿಂದ ಖೊರಾನಾ ಜೊತೆ ಅವರಿಗೂ ನೊಬೆಲ್ ಬಂತು. ಇಂಥ ತಿದ್ದಿದ ಅಕ್ಷರಗಳು ಈಗ ನೂರಕ್ಕೂ ಜಾಸ್ತಿ ಗೊತ್ತಿವೆ. ಮಕ್ಕಳು ಮಾತ್ರ ನಾಲ್ಕರಲ್ಲೇ ಇದ್ದಾರೆ.

ತಿದ್ದುವ ಕೆಲಸ ಕಿಣ್ವಗಳದ್ದು. ನಾನು ಪಿಯುಸಿಗೆ ವಿಕಾಸದ ಪಾಠ ಮಾಡುವಾಗ ಬಟಾಟೆ-ಗೆಣಸು, ಚಿಟ್ಟೆ-ಹಕ್ಕಿಯ ರೆಕ್ಕೆ ಹೇಳುತ್ತಿದ್ದೆ. ಮೂಲ ಬೇರೆ, ಕೆಲಸ ಒಂದೇ. ಅದಕ್ಕಿಂತ ಚಂದದ ಉದಾಹರಣೆ ಟಿಆರ್‌ಎನ್‌ಎಯ 37ನೇ ಜಾಗದಲ್ಲಿದೆ, ಜೀನಿನ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಗುರುತಿಸುವ ಆಂಟಿಕೋಡಾನ್‌ನ ಮಗ್ಗುಲಲ್ಲೇ. ಹಲವು ಟಿಆರ್‌ಎನ್‌ಎಗಳಲ್ಲಿ ಅಲ್ಲಿರುವ ಜಿ ಅಕ್ಷರಕ್ಕೆ ಒಂದು ಮೀಥೈಲ್ (ಒಂದು ಇಂಗಾಲ, ಮೂರು ಜಲಜನಕದ ಪುಟ್ಟ ಗುಂಪು) ಸೇರಬೇಕು. ಸೇರದಿದ್ದರೆ, ಸಂದೇಶ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಒಂದಕ್ಷರ ಜಾರಿಬಿಡಬಹುದು. ಜಾರಿದರೆ ಅಲ್ಲಿಂದ ಮುಂದೆ ಓದುವುದೆಲ್ಲ ತಪ್ಪು.

ಬ್ಯಾಕ್ಟೀರಿಯಾದಲ್ಲಿ ಈ ಮೀಥೈಲ್ ಸೇರಿಸುವುದು ಟಿಆರ್‌ಎಂಡಿ ಎಂಬ ಕಿಣ್ವ. ನಮ್ಮಲ್ಲಿ, ಯೀಸ್ಟಿನಲ್ಲಿ, ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳಾದ ಆರ್ಕಿಯಾಗಳಲ್ಲಿ ಟಿಆರ್‌ಎಂ5. ಎರಡೂ ಮೀಥೈಲ್ ಪಡೆಯುವುದು ಒಂದೇ ಅಣುವಿನಿಂದ. ಆದರೆ ಎರಡಕ್ಕೂ ಸಂಬಂಧವೇ ಇಲ್ಲ! ಟಿಆರ್‌ಎಂಡಿಯ ಅಮೈನೋ ಆಮ್ಲಗಳ ಸರಪಳಿ ತನ್ನದೇ ಕುಣಿಕೆಯೊಳಗೆ ನುಸುಳಿ ಗಂಟು ಬಿದ್ದಿದೆ, ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಬಾಳೆನಾರಿನ ಹಾಗೆ. ಮೀಥೈಲ್ ಕೊಡುವ ಅಣು ಬಂದು ಕೂರುವುದು ಆ ಗಂಟಿನಲ್ಲೇ. ಟಿಆರ್‌ಎಂ5ರಲ್ಲಿ ಅಂಥ ಗಂಟಿಲ್ಲ. ಇಷ್ಟು ವ್ಯತ್ಯಾಸ ಇರುವುದರಿಂದಲೇ, ನಮ್ಮದನ್ನು ಮುಟ್ಟದೆ ಬ್ಯಾಕ್ಟೀರಿಯಾದ್ದನ್ನು ಮಾತ್ರ ಕಟ್ಟಿಹಾಕುವ ಔಷಧಿಗೆ ಹುಡುಕಾಟ ನಡೆದಿದೆ.

ಡೌಟು ಕೇಳಲು ಬರುವ ಪಕ್ಕದ ಮನೆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಟೀಚರ್, ಇದು ನೀಟ್‌ಗೆ ಬರ್ತದಾ?" ಅಂದ. ಬರ್ಲಿಕ್ಕಿಲ್ಲ ಮಾರಾಯ, ಅಂದೆ. ಆದರೂ ಪ್ರೋಟೀನಿಗೆ ಗಂಟು ಹೇಗೆ ಬೀಳುತ್ತದೆ ಅಂತ ಕೇಳುತ್ತಾ ಕೂತ. ಅವನನ್ನು ಕೋಚಿಂಗಿಗೆ ಎಬ್ಬಿಸಿ ಕಳಿಸಬೇಕಾಯಿತು.

ಕೋಚಿಂಗಿನವರಿಗೆ ಇದಕ್ಕೆ ಪುರುಸೊತ್ತಿಲ್ಲ, ಅದು ಅವರ ಕೆಲಸವೂ ಅಲ್ಲ. ಪತ್ರಿಕೆಯದ್ದು ಹೌದು, ಅಲ್ವಾ? ಮಾದರಿ ಪ್ರಶ್ನೆಗಳ ಪಕ್ಕದಲ್ಲಿ ವಾರಕ್ಕೊಂದು ಕಾಲಂ ಇಂಥದ್ದಕ್ಕೆ ಬಿಡಿ. ಚಿತ್ರ ಬೇಕಿದ್ದರೆ ನಾನೇ ಬಿಡಿಸಿ ಕಳಿಸುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಕುಂಜಿಬೆಟ್ಟು, ಉಡುಪಿ